ಆಟಕ್ಕುಂಟು, ಲೆಕ್ಕಕ್ಕಿಲ್ಲ

ಎಂಬತ್ತು ದಾಟಿದವರೊಬ್ಬರು ವೃದ್ಧಾಶ್ರಮದ ಕಚೇರಿಗೆ ಹೋಗಿ "ನನ್ನ ದುಡ್ಡಿನ ಲೆಕ್ಕ ತೋರಿಸಿ" ಎಂದು ಕೇಳಿದರೆ ಸಿಗುವ ಉತ್ತರಗಳು ಹೆಚ್ಚೇನಿಲ್ಲ. "ಅಕೌಂಟೆಂಟ್ ರಜೆಯಲ್ಲಿದ್ದಾರೆ, ಮುಂದಿನ ವಾರ ಬನ್ನಿ." "ನಿಮ್ಮ ಮಗನಿಗೆ ಮೇಲ್ ಮಾಡಿದ್ದೇವಲ್ಲ." "ಈ ವಯಸ್ಸಿನಲ್ಲಿ ಅದನ್ನೆಲ್ಲ ಯಾಕೆ ತಲೆಗೆ ಹಚ್ಚಿಕೊಳ್ತೀರಿ?" ಮೂರೂ ಉತ್ತರಗಳು ನಗುಮುಖದಿಂದ, ಮರ್ಯಾದೆಯಿಂದಲೇ ಬರಬಹುದು. ಮೂರರ ಅರ್ಥವೂ ಒಂದೇ: ದುಡ್ಡು ನಿಮ್ಮದು, ಲೆಕ್ಕ ನಿಮ್ಮದಲ್ಲ.

ಕನ್ನಡದಲ್ಲಿ ಇದಕ್ಕೆ ಹೇಳಿ ಮಾಡಿಸಿದಂಥ ಮಾತಿದೆ: ಆಟಕ್ಕುಂಟು, ಲೆಕ್ಕಕ್ಕಿಲ್ಲ. ಚಿಕ್ಕ ಮಕ್ಕಳನ್ನು ಅಳಿಸಬಾರದೆಂದು ಆಟಕ್ಕೆ ಸೇರಿಸಿಕೊಂಡು, ಅವರು ಔಟಾದರೂ ಗೆದ್ದರೂ ಎಣಿಸದೆ ಬಿಡುವುದಕ್ಕೆ ಹುಟ್ಟಿದ ಮಾತು. ವೃದ್ಧಾಶ್ರಮದ ನಿವಾಸಿ ಇಂದು ಇರುವುದು ಅದೇ ಸ್ಥಾನದಲ್ಲಿ. ಠೇವಣಿ ಅವರದು, ತಿಂಗಳ ಶುಲ್ಕ ಅವರ ಪಿಂಚಣಿಯಿಂದ, ಔಷಧಿಯ ಖರ್ಚು ಅವರ ಹೆಸರಿಗೆ. ಆದರೆ ಹಣ ಎಲ್ಲಿ ಹೋಯಿತು ಎಂದು ತಿಳಿಯುವ ಹೊತ್ತಿಗೆ ಅವರು ಆಟದಿಂದ ಹೊರಗೆ.

ಲೆಕ್ಕವನ್ನು ಕೇಳಿದಾಗ, ಕೇಳಿದವರಿಗೇ, ತಡಮಾಡದೆ ತೋರಿಸುವುದು ಆಶ್ರಮದ ದೊಡ್ಡತನವಲ್ಲ, ನಿವಾಸಿಯ ಹಕ್ಕು. ಅದನ್ನು ಗಂಟೆ ಮತ್ತು ದಿನಗಳ ಗಡುವಿನೊಂದಿಗೆ ಕಾನೂನಿನಲ್ಲಿ ಬರೆಯಬೇಕು. ಗಡುವಿಲ್ಲದ ಹಕ್ಕು ಹಕ್ಕಲ್ಲ, ಆಶ್ವಾಸನೆ.

ಹೀಗೆ ಬರೆಯಲು ಸಾಧ್ಯವೇ ಎಂದು ಕೇಳುವವರು ಅಮೆರಿಕದ ನರ್ಸಿಂಗ್ ಹೋಂಗಳ ನಿಯಮವನ್ನು ನೋಡಬೇಕು. ಮೊದಲು ಪದದ ಗೊಂದಲ ಕಳೆಯುವುದು ಒಳ್ಳೆಯದು. ಕನ್ನಡಿಗರ ಬಾಯಲ್ಲಿ ನರ್ಸಿಂಗ್ ಹೋಂ ಎಂದರೆ ಹೆರಿಗೆಗೋ ಅಪೆಂಡಿಕ್ಸ್ ಆಪರೇಷನ್ನಿಗೋ ಸೇರುವ ಸಣ್ಣ ಖಾಸಗಿ ಆಸ್ಪತ್ರೆ. ಅಮೆರಿಕದಲ್ಲಿ ಅದು ವೃದ್ಧರು, ಹಾಸಿಗೆ ಹಿಡಿದವರು ತಿಂಗಳುಗಟ್ಟಲೆ, ವರ್ಷಗಟ್ಟಲೆ ವಾಸಿಸುವ ಜಾಗ. ಅಲ್ಲಿರುವವರನ್ನು ಕಾನೂನು ರೋಗಿ ಎನ್ನುವುದಿಲ್ಲ, ನಿವಾಸಿ ಎನ್ನುತ್ತದೆ. ಈ ಒಂದು ಪದದಲ್ಲೇ ಅರ್ಧ ವಾದ ಅಡಗಿದೆ. ರೋಗಿ ಬಂದು ಹೋಗುವವನು. ನಿವಾಸಿಗೆ ಅದು ಮನೆ, ಮತ್ತು ಮನೆಯಲ್ಲಿ ತನ್ನ ದುಡ್ಡಿನ ವಿಚಾರ ಕೇಳಲು ಯಾರೂ ಅಪ್ಪಣೆ ಬೇಡುವುದಿಲ್ಲ.

1986ರಲ್ಲಿ ಅಲ್ಲಿನ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ನರ್ಸಿಂಗ್ ಹೋಂಗಳ ದುಃಸ್ಥಿತಿಯ ಬಗ್ಗೆ ದೊಡ್ಡ ವರದಿ ಕೊಟ್ಟಿತು. ಮರುವರ್ಷ, 1987ರ ಡಿಸೆಂಬರಿನಲ್ಲಿ, ಅಧ್ಯಕ್ಷ ರೇಗನ್ ಸಹಿ ಹಾಕಿದ ಬಜೆಟ್ ಕಾಯ್ದೆಯೊಳಗೆ ನರ್ಸಿಂಗ್ ಹೋಂ ಸುಧಾರಣಾ ಕಾಯ್ದೆಯೂ ಸೇರಿತ್ತು. ಮೆಡಿಕೇರ್ ಅಥವಾ ಮೆಡಿಕೇಡ್ ಹಣ ಪಡೆಯುವ ಪ್ರತಿಯೊಂದು ನರ್ಸಿಂಗ್ ಹೋಂಗೂ ಅದು ಮತ್ತು ಅದರಡಿ ಬಂದ ನಿಯಮಗಳು ಅನ್ವಯಿಸುತ್ತವೆ. ಆ ನಿಯಮಗಳಲ್ಲಿ ಹಣದ ಬಗ್ಗೆ ಇರುವುದು ಭಾಷಣವಲ್ಲ, ಅಂಕಿಗಳು.

ನಿವಾಸಿ ತನ್ನ ದಾಖಲೆಗಳನ್ನು ನೋಡಬೇಕೆಂದರೆ 24 ಗಂಟೆಯೊಳಗೆ ತೋರಿಸಬೇಕು, ವಾರಾಂತ್ಯ ಮತ್ತು ರಜಾದಿನ ಬಿಟ್ಟು. ಪ್ರತಿ ಬೇಕೆಂದರೆ 2 ಕೆಲಸದ ದಿನಗಳ ಮುಂಚೆ ತಿಳಿಸಿದರೆ ಸಾಕು. ಲಿಖಿತ ಅರ್ಜಿ ಬೇಕಿಲ್ಲ, ಬಾಯಿಮಾತಿನ ಕೋರಿಕೆಯೂ ನಡೆಯುತ್ತದೆ. ದಾಖಲೆ ಎಂದರೆ ವೈದ್ಯಕೀಯ ಚೀಟಿ ಮಾತ್ರವಲ್ಲ ಎಂದು ಇನ್‌ಸ್ಪೆಕ್ಟರುಗಳಿಗೆ ಕೊಟ್ಟ ಮಾರ್ಗದರ್ಶನ ಬಿಡಿಸಿ ಹೇಳಿದೆ: ನಿವಾಸಿಯ ಹಣದ ಲೆಡ್ಜರ್, ಸಂಸ್ಥೆಯೊಂದಿಗಿನ ಕರಾರುಪತ್ರ, ಎಲ್ಲವೂ ಅದರಲ್ಲಿ ಸೇರಿವೆ.

ಇನ್ನೂ ಇದೆ. ನಿವಾಸಿ ತನ್ನ ಹಣವನ್ನು ಸಂಸ್ಥೆಯ ಕೈಗೆ ಕೊಡಲೇಬೇಕೆಂದು ಯಾರೂ ಒತ್ತಾಯಿಸುವಂತಿಲ್ಲ. ಅವರೇ ಬರೆದುಕೊಟ್ಟು ಒಪ್ಪಿಸಿದರೆ, ಸಂಸ್ಥೆ ಅದನ್ನು ತನ್ನ ಹಣದ ಜೊತೆ ಬೆರೆಸುವಂತಿಲ್ಲ. ಮೊತ್ತ 100 ಡಾಲರ್ ಮೀರಿದರೆ, ಮೆಡಿಕೇಡ್ ಆಶ್ರಿತರಾದರೆ 50 ಡಾಲರ್ ಮೀರಿದರೆ, ಬಡ್ಡಿ ಬರುವ ಪ್ರತ್ಯೇಕ ಖಾತೆಯಲ್ಲಿಡಬೇಕು, ಬಡ್ಡಿಯೂ ನಿವಾಸಿಗೇ. ಮೂರು ತಿಂಗಳಿಗೊಮ್ಮೆ ಕೇಳದಿದ್ದರೂ ಲೆಕ್ಕಪಟ್ಟಿ ಕೊಡಬೇಕು, ನಡುವೆ ಕೇಳಿದರೂ ಕೊಡಬೇಕು. ನಿವಾಸಿ ತೀರಿಕೊಂಡರೆ ಅಥವಾ ಬಿಟ್ಟು ಹೋದರೆ 30 ದಿನಗಳೊಳಗೆ ಉಳಿದ ಹಣವನ್ನು ಅಂತಿಮ ಲೆಕ್ಕದೊಂದಿಗೆ ಹಿಂತಿರುಗಿಸಬೇಕು. ತನ್ನ ಬಳಿ ಇರುವ ನಿವಾಸಿಗಳ ಹಣಕ್ಕೆ ಸಂಸ್ಥೆ ಭದ್ರತಾ ಬಾಂಡ್ ಅಥವಾ ಅದಕ್ಕೆ ಸಮಾನವಾದ ಭರವಸೆ ಒದಗಿಸಬೇಕು.

ಇದು ಶ್ರೀಮಂತರ ಚಿಂತೆ ಎಂದುಕೊಂಡರೆ ತಪ್ಪು. ಅಲ್ಲಿನ ನರ್ಸಿಂಗ್ ಹೋಂ ನಿವಾಸಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮೆಡಿಕೇಡ್ ನೆಚ್ಚಿಕೊಂಡವರು, ಅಂದರೆ ಕೈಯಲ್ಲಿದ್ದದ್ದೆಲ್ಲ ಕರಗಿದವರು. ಅವರ ಪಿಂಚಣಿಯ ಬಹುಪಾಲು ಆರೈಕೆಯ ವೆಚ್ಚಕ್ಕೆ ಹೋಗುತ್ತದೆ. ಸ್ವಂತ ಖರ್ಚಿಗೆ ಉಳಿಸಿಕೊಳ್ಳಬಹುದಾದ ಕನಿಷ್ಠ ಮೊತ್ತ ತಿಂಗಳಿಗೆ 30 ಡಾಲರ್. ಹಲವು ರಾಜ್ಯಗಳು ಇದಕ್ಕಿಂತ ಹೆಚ್ಚು ಕೊಡುತ್ತವೆ, ಆದರೆ ಕೇಂದ್ರದ ಈ ಅಂಕಿ 1988ರಿಂದ ಕದಲಿಲ್ಲ. ದಿನಕ್ಕೆ ಒಂದು ಡಾಲರ್. ಮೊಮ್ಮಗಳಿಗೆ ಹುಟ್ಟುಹಬ್ಬದ ಕಾರ್ಡ್, ತಲೆ ಕತ್ತರಿಸಿದವನಿಗೆ ಕೂಲಿ, ಇಷ್ಟದ ಒಂದು ಬಿಸ್ಕತ್ತು, ಎಲ್ಲ ಇದರಲ್ಲೇ. ಅಷ್ಟು ಚಿಕ್ಕ ಹಣಕ್ಕೆ ಅಷ್ಟು ಬಿಗಿಯಾದ ನಿಯಮ ಏಕೆ ಬೇಕಾಯಿತೆಂದರೆ, ಚಿಕ್ಕ ಹಣವೇ ಸುಲಭವಾಗಿ ಮಾಯವಾಗುವುದು. ಅದನ್ನು ಕಳೆದುಕೊಂಡವರೇ ಹೆಚ್ಚು ಬಡವಾಗುವುದು.

ಅಮೆರಿಕವನ್ನು ಇಲ್ಲಿ ಸ್ವರ್ಗವಾಗಿ ತೋರಿಸುವ ಅಗತ್ಯವಿಲ್ಲ. ಅಲ್ಲಿಯೂ ನಿವಾಸಿಗಳ ಹಣ ಕದಿಯುವವರಿದ್ದಾರೆ. ಸಿಬ್ಬಂದಿಯ ಕೊರತೆ ಅಲ್ಲಿನ ಹಳೆಯ ರೋಗ. ಇನ್ನೂ ದೊಡ್ಡ ತೂತೆಂದರೆ, ಈ ಕೇಂದ್ರ ನಿಯಮಗಳು ನರ್ಸಿಂಗ್ ಹೋಂಗೆ ಮಾತ್ರ. ಸ್ವಲ್ಪ ಸಹಾಯದೊಂದಿಗೆ ಬದುಕುವ ಹಿರಿಯರ ವಸತಿಗಳು ಆಯಾ ರಾಜ್ಯದ ಕಾನೂನಿಗೆ ಬಿಟ್ಟದ್ದು. ಭಾರತದ ಬಹುತೇಕ ಸೀನಿಯರ್ ಲಿವಿಂಗ್ ವಸತಿಗಳು ಹೋಲುವುದು ಆ ಎರಡನೆಯ ಬಗೆಯನ್ನೇ. ಆದರೂ ಒಂದು ವ್ಯತ್ಯಾಸವನ್ನು ಅಲ್ಲಗಳೆಯಲಾಗದು. ನರ್ಸಿಂಗ್ ಹೋಂಗೆ ಹೆಚ್ಚೆಂದರೆ 15 ತಿಂಗಳಿಗೊಮ್ಮೆ ಇನ್‌ಸ್ಪೆಕ್ಟರ್ ಬರುತ್ತಾನೆ. ಲೆಡ್ಜರ್ ಸರಿಯಿಲ್ಲದಿದ್ದರೆ ಅದಕ್ಕೇ ಮೀಸಲಾದ ಸಂಖ್ಯೆಯಡಿ ದೋಷ ದಾಖಲಾಗುತ್ತದೆ, ಆ ವರದಿಯನ್ನು ಯಾರು ಬೇಕಾದರೂ ಓದಬಹುದು. ನಿವಾಸಿಯ ಪರವಾಗಿ ದೂರು ಹಿಡಿದು ಓಡಾಡಲು ಪ್ರತಿ ರಾಜ್ಯದಲ್ಲೂ ಒಬ್ಬ ಓಂಬುಡ್ಸ್‌ಮನ್ ಇದ್ದಾನೆ. ಅಲ್ಲಿ ಕಳ್ಳತನವಾದರೆ ನಿಯಮ ಮುರಿದಂತೆ. ಇಲ್ಲಿ ಮುರಿಯಲು ನಿಯಮವೇ ಇಲ್ಲ.

ಇಲ್ಲಿ ಇರುವುದೇನು? 2011ರ ಜನಗಣತಿಯ ಪ್ರಕಾರವೇ ಭಾರತದಲ್ಲಿ 60 ದಾಟಿದವರು 10 ಕೋಟಿಗೂ ಹೆಚ್ಚು. ಅವರಿಗಾಗಿ ಬಂದ ಮುಖ್ಯ ಕಾನೂನು 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯ್ದೆ. ಮಕ್ಕಳು ನೋಡಿಕೊಳ್ಳದಿದ್ದರೆ ನ್ಯಾಯಮಂಡಳಿ ತಿಂಗಳಿಗೆ 10,000 ರೂಪಾಯಿಯವರೆಗೆ ಪೋಷಣಾ ಭತ್ಯೆ ಕೊಡಿಸಬಹುದು. ನೋಡಿಕೊಳ್ಳುತ್ತೇನೆಂಬ ಷರತ್ತಿನ ಮೇಲೆ ಆಸ್ತಿ ಬರೆಸಿಕೊಂಡು ಕೈಬಿಟ್ಟರೆ ಆ ಹಸ್ತಾಂತರವನ್ನು ರದ್ದು ಮಾಡಬಹುದು. ವೃದ್ಧಾಶ್ರಮದ ವಿಷಯಕ್ಕೆ ಬಂದಾಗ ಕಾಯ್ದೆಯ 19ನೇ ಕಲಂ ಹೇಳುವುದು, ರಾಜ್ಯ ಸರ್ಕಾರ ಜಿಲ್ಲೆಗೊಂದಾದರೂ, ಕನಿಷ್ಠ 150 ಮಂದಿ ನಿರ್ಗತಿಕ ಹಿರಿಯರಿಗಾಗಿ ಆಶ್ರಮ ಸ್ಥಾಪಿಸಬಹುದು ಎಂದು. ಸ್ಥಾಪಿಸಬಹುದು, ಸ್ಥಾಪಿಸಬೇಕು ಎಂದಲ್ಲ. ಒಂದು ಕ್ರಿಯಾಪದದ ಬಾಲದಲ್ಲಿ ಇಡೀ ಹೊಣೆ ಜಾರಿಹೋಗಿದೆ. ಹಣ ಕೊಟ್ಟು ಖಾಸಗಿ ಆಶ್ರಮದಲ್ಲಿರುವವರು ತಮ್ಮ ಲೆಕ್ಕ ನೋಡುವ ಬಗ್ಗೆ ಕಾಯ್ದೆ ತುಟಿ ಬಿಚ್ಚುವುದಿಲ್ಲ. ಮಕ್ಕಳನ್ನು ಅನುಮಾನಿಸಿದ ಕಾನೂನು ಆಶ್ರಮವನ್ನು ಅನುಮಾನಿಸಲು ಮರೆತಿದೆ.

2019ರ ಡಿಸೆಂಬರಿನಲ್ಲಿ ಲೋಕಸಭೆಗೆ ತಂದ ತಿದ್ದುಪಡಿ ಮಸೂದೆಯಲ್ಲಿ ಆರೈಕೆ ಕೇಂದ್ರಗಳ ನೋಂದಣಿ ಮತ್ತು ಕನಿಷ್ಠ ಮಾನದಂಡಗಳ ಪ್ರಸ್ತಾಪವಿತ್ತು. ಮಸೂದೆ ಸ್ಥಾಯಿ ಸಮಿತಿಗೆ ಹೋಯಿತು, ವರದಿಯೂ ಬಂತು, 2024ರಲ್ಲಿ ಲೋಕಸಭೆಯ ಅವಧಿಯೊಂದಿಗೆ ಅದೂ ಮುಗಿಯಿತು. 2019ರಲ್ಲೇ ಕೇಂದ್ರದ ವಸತಿ ಸಚಿವಾಲಯ ನಿವೃತ್ತರ ವಸತಿಗಳಿಗೆ ಮಾದರಿ ಮಾರ್ಗಸೂಚಿ ಹೊರಡಿಸಿತು. ಮಾದರಿ ಎಂದರೆ ರಾಜ್ಯಗಳು ಒಪ್ಪಿದರುಂಟು, ಇಲ್ಲದಿದ್ದರಿಲ್ಲ. ರೇರಾ ಕಾಯ್ದೆ ಬಿಲ್ಡರ್ ಖರೀದಿದಾರರಿಂದ ಪಡೆದ ಹಣದ ಶೇ. 70ನ್ನು ಪ್ರತ್ಯೇಕ ಖಾತೆಯಲ್ಲಿಡಬೇಕೆನ್ನುತ್ತದೆ. ಅದು ಕಟ್ಟಡ ಏಳುವವರೆಗಿನ ಕಾವಲು. ಗೃಹಪ್ರವೇಶವಾದ ಮೇಲೆ ಇಪ್ಪತ್ತು ವರ್ಷ ಕಟ್ಟುವ ತಿಂಗಳ ಶುಲ್ಕದ ಒಳಲೆಕ್ಕಕ್ಕೆ ಅಂಥ ಕಾವಲುಗಾರನಿಲ್ಲ.

ಹಾಗೆಂದು ಭಾರತದ ಕಾನೂನಿಗೆ ಗಡುವು ಹಾಕುವುದು ಗೊತ್ತಿಲ್ಲವೆಂದಲ್ಲ. 2002ರ ವೈದ್ಯಕೀಯ ಮಂಡಳಿಯ ನಿಯಮಾವಳಿ, ರೋಗಿ ತನ್ನ ದಾಖಲೆ ಕೇಳಿದರೆ ವೈದ್ಯರು 72 ಗಂಟೆಯೊಳಗೆ ಕೊಡಬೇಕೆಂದಿತು. 2005ರ ಮಾಹಿತಿ ಹಕ್ಕು ಕಾಯ್ದೆ ಸರ್ಕಾರಕ್ಕೆ 30 ದಿನ ಕೊಟ್ಟಿತು, ಜೀವ ಮತ್ತು ಸ್ವಾತಂತ್ರ್ಯದ ಪ್ರಶ್ನೆಯಾದರೆ 48 ಗಂಟೆ. ಅದಕ್ಕಿಂತ ಹಿಂದೆ, 1872ರ ಕರಾರು ಕಾಯ್ದೆಯ 213ನೇ ಕಲಂ ಇದೆ: ಏಜೆಂಟನಾದವನು ತನ್ನ ಯಜಮಾನ ಕೇಳಿದಾಗ ಸರಿಯಾದ ಲೆಕ್ಕ ಒಪ್ಪಿಸಬೇಕು. ನಿವಾಸಿಯ ಹಣ ಇಟ್ಟುಕೊಂಡು, ಅವರ ಪರವಾಗಿ ಔಷಧಿ ತಂದು, ಆಯಾಗೆ ಸಂಬಳ ಕೊಡುವ ಆಶ್ರಮ ಏಜೆಂಟನಲ್ಲದೆ ಇನ್ನೇನು? ಅಂದರೆ ತತ್ವ ಒಂದೂವರೆ ಶತಮಾನದಿಂದ ಪುಸ್ತಕದಲ್ಲಿದೆ. ಇಲ್ಲದಿರುವುದು ಎರಡೇ: ಎಷ್ಟು ಗಂಟೆಯೊಳಗೆ ಎಂಬ ಅಂಕಿ, ಮತ್ತು ಕೊಡದಿದ್ದರೆ ಬಾಗಿಲು ತಟ್ಟುವ ಅಧಿಕಾರಿ.

ಗಡುವು ಏಕೆ ಇಷ್ಟು ಮುಖ್ಯ? ತಡಮಾಡುವುದು ನಿರಾಕರಿಸುವುದರ ಸಭ್ಯ ರೂಪವಾದ್ದರಿಂದ. ನಲವತ್ತು ವರ್ಷದವನಿಗೆ ಮೂರು ತಿಂಗಳು ಕಾಯುವುದು ಕಿರಿಕಿರಿ. ಎಂಬತ್ತೈದರ ಅಜ್ಜಿಗೆ ಮೂರು ತಿಂಗಳಲ್ಲಿ ಒಂದು ಸಲ ಬಿದ್ದು ಸೊಂಟ ಮುರಿಯಬಹುದು, ನೆನಪು ಮಂಜಾಗಬಹುದು, ಕೇಳಿದವರೇ ಇಲ್ಲವಾಗಬಹುದು. ತಾನು ಆಸ್ಪತ್ರೆಯಲ್ಲಿದ್ದ ಒಂಬತ್ತು ದಿನಗಳಿಗೂ ಊಟದ ಶುಲ್ಕ ಹಾಕಿದ್ದಾರೆಂದು ಈ ತಿಂಗಳು ನೆನಪಿರುತ್ತದೆ, ಮುಂದಿನ ಯುಗಾದಿಗೆ ಇರುವುದಿಲ್ಲ. ದಿನಕ್ಕೆ 60 ರೂಪಾಯಿಯ ಒಂದು ತಪ್ಪು ನಮೂದು ಮರುದಿನವೇ ಕಣ್ಣಿಗೆ ಬಿದ್ದರೆ 60 ರೂಪಾಯಿಯ ವಿಷಯ, 90 ದಿನ ಬಿಟ್ಟು ಬಿದ್ದರೆ 5,400 ರೂಪಾಯಿಯ ಜಗಳ. ಬೇಗ ತೋರಿಸುವುದು ಪ್ರಾಮಾಣಿಕ ಆಶ್ರಮಕ್ಕೂ ಲಾಭ. ತಪ್ಪು ತಪ್ಪಾಗಿಯೇ ಉಳಿಯುತ್ತದೆ, ಮೋಸವೆಂಬ ಅನುಮಾನಕ್ಕೆ ಬೆಳೆಯುವುದಿಲ್ಲ.

ಇದಕ್ಕೆ ಬರುವ ಆಕ್ಷೇಪಗಳು ಹಳೆಯವು. ಮೊದಲನೆಯದು, ಲೆಕ್ಕವನ್ನು ಮಕ್ಕಳಿಗೆ ಕಳಿಸುತ್ತೇವೆ, ಅಷ್ಟು ಸಾಲದೇ ಎಂಬುದು. ಸಾಲದು. ಮುಂಬೈಯಲ್ಲೋ ದೆಹಲಿಯಲ್ಲೋ ಇರುವ ಮಗ ಶುಲ್ಕ ಕಟ್ಟುತ್ತಿದ್ದರೆ ಅವನಿಗೂ ಪ್ರತಿ ಕಳಿಸಲಿ, ತಪ್ಪೇನಿಲ್ಲ. ಆದರೆ ಅವನಿಗೆ ಒಟ್ಟು ಮೊತ್ತ ಕಾಣುತ್ತದೆ, ಬದುಕು ಕಾಣುವುದಿಲ್ಲ. ಫಿಸಿಯೋಥೆರಪಿ ಹನ್ನೆರಡು ಸಲ ಎಂದು ಬರೆದಿದ್ದರೆ, ಆ ಹುಡುಗಿ ಬಂದದ್ದು ಏಳೇ ಸಲ ಎಂದು ಹೇಳಬಲ್ಲವರು ಕಾಲು ಮಡಿಸಿದವರು ಮಾತ್ರ. ಮಗನೇ ಹಣ ದುರ್ಬಳಕೆ ಮಾಡುತ್ತಿದ್ದರಂತೂ, ಲೆಕ್ಕವನ್ನು ಅವನಿಗೆ ಮಾತ್ರ ಕಳಿಸುವುದು ಕುರಿ ಕಾಯಲು ತೋಳ ನೇಮಿಸಿದಂತೆ.

ಎರಡನೆಯದು, ಮರೆವಿನ ರೋಗವಿರುವವರಿಗೆ ಲೆಕ್ಕ ತೋರಿಸಿ ಏನು ಪ್ರಯೋಜನ ಎಂಬುದು. ಮರೆವಿನ ರೋಗ ಬಂದ ದಿನವೇ ಮನುಷ್ಯನ ತಿಳಿವು ಪೂರ್ತಿ ಆರುವುದಿಲ್ಲ. ಇಂದು ಅರ್ಥವಾಗದ ಲೆಕ್ಕ ನಾಳೆ ಬೆಳಿಗ್ಗೆ ಅರ್ಥವಾಗಬಹುದು. ನಿಜಕ್ಕೂ ಆಗದ ಹಂತ ಬಂದಾಗ ಇನ್ನೊಂದು ತೊಡಕಿದೆ. ಅದೇ ಕರಾರು ಕಾಯ್ದೆಯ 201ನೇ ಕಲಮಿನಂತೆ, ಅಧಿಕಾರ ಕೊಟ್ಟವರು ಸ್ವಸ್ಥಚಿತ್ತ ಕಳೆದುಕೊಂಡರೆ ಏಜೆನ್ಸಿ ಕೊನೆಗೊಳ್ಳುತ್ತದೆ. ಸಾಧಾರಣ ಪವರ್ ಆಫ್ ಅಟಾರ್ನಿ ಅತಿ ಹೆಚ್ಚು ಬೇಕಾದ ಗಳಿಗೆಯಲ್ಲೇ ಅದರ ಕಾನೂನುಬಲ ಹೋಗುತ್ತದೆ. ಅಂಥವರ ಹಣಕ್ಕೆ ಕಾವಲು ಕಡಿಮೆಯಲ್ಲ, ಹೆಚ್ಚು ಬೇಕು. ನಿವಾಸಿ ಚೆನ್ನಾಗಿರುವಾಗಲೇ ತನ್ನ ಪರವಾಗಿ ಲೆಕ್ಕ ನೋಡುವವರ ಹೆಸರು ಬರೆದಿಡುವ ವ್ಯವಸ್ಥೆ ಬೇಕು, ಆ ಹೆಸರು ಆಶ್ರಮದ ಸಿಬ್ಬಂದಿಯದಾಗಿರಬಾರದು.

ಮೂರನೆಯದು ಹೆಚ್ಚು ಭಾವುಕ: ಇದು ಸೇವೆ, ವ್ಯಾಪಾರವಲ್ಲ, ಇಲ್ಲಿ ಲೆಕ್ಕ ಕೇಳುವುದು ಅವಮಾನ. ಸೇವೆ ಮಾಡುವ ಟ್ರಸ್ಟುಗಳು ದೇಶದಲ್ಲಿ ಬೇಕಾದಷ್ಟಿವೆ, ಅನ್ನ ಹಾಕಿ ಕೈ ತೊಳೆಸುವ ಆಯಾಗಳ ಶ್ರಮಕ್ಕೆ ಬೆಲೆ ಕಟ್ಟಲಾಗದು. ಆದರೆ ಹುಂಡಿಯ ಹಣ ಎಣಿಸುವಾಗಲೂ ನಾಲ್ಕು ಜನ ಸಾಕ್ಷಿ ಕೂರುತ್ತಾರೆ, ದೇವರಿಗೆ ಅವಮಾನವಾಗುವುದಿಲ್ಲ. ಸರ್ಕಾರದಿಂದ ಗಣನೀಯ ನೆರವು ಪಡೆಯುವ ಸಂಸ್ಥೆ ಸರ್ಕಾರೇತರವಾದರೂ ಮಾಹಿತಿ ಹಕ್ಕಿನಡಿ ಬರುತ್ತದೆಂದು ಸುಪ್ರೀಂ ಕೋರ್ಟ್ 2019ರಲ್ಲಿ ಡಿಎವಿ ಕಾಲೇಜುಗಳ ಪ್ರಕರಣದಲ್ಲಿ ಹೇಳಿದೆ. ಅನುದಾನ ಪಡೆಯುವ ಆಶ್ರಮಗಳು ಇದನ್ನು ಗಮನಿಸಬೇಕು. ಇನ್ನು ಟ್ರಸ್ಟಿನ ವಾರ್ಷಿಕ ಆಡಿಟ್ ವರದಿ ಗೋಡೆಗೆ ಅಂಟಿಸಿದ್ದೇವೆ ಎಂಬುದು ಉತ್ತರವಾಗದು. ಅದು ಸಂಸ್ಥೆಯ ಲೆಕ್ಕ. 14ನೇ ಕೋಣೆಯ ಅಜ್ಜನಿಗೆ ಬೇಕಾದದ್ದು 14ನೇ ಕೋಣೆಯ ಲೆಕ್ಕ.

ನಾಲ್ಕನೆಯದು, ಇಷ್ಟೆಲ್ಲ ಕಾಗದಪತ್ರಕ್ಕೆ ಸಿಬ್ಬಂದಿ ಎಲ್ಲಿ, ಶುಲ್ಕ ಏರಿಸಬೇಕಾಗುತ್ತದೆ ಎಂಬುದು. ಇದು ನಾಲ್ಕರಲ್ಲಿ ಅತ್ಯಂತ ದುರ್ಬಲ. ಆಶ್ರಮ ತಿಂಗಳ ಮೊದಲ ವಾರದಲ್ಲಿ ಬಿಲ್ ಕಳಿಸುತ್ತದೆಂದರೆ ಆ ಬಿಲ್ಲಿನ ಹಿಂದೆ ಲೆಕ್ಕ ಇರಲೇಬೇಕು. ಇದ್ದರೆ ತೋರಿಸಲು ಒಂದು ಪ್ರಿಂಟ್ ಸಾಕು. ಇಲ್ಲದಿದ್ದರೆ ಬಿಲ್ಲಿನ ಮೊತ್ತ ಬಂದದ್ದು ಎಲ್ಲಿಂದ ಎಂಬುದೇ ಪ್ರಶ್ನೆ. ಮೂಲೆಯ ಕಿರಾಣಿ ಅಂಗಡಿಯವನೂ ಉದ್ರಿ ಪುಸ್ತಕವನ್ನು ಕೇಳಿದ ಕೂಡಲೇ ತಿರುಗಿಸಿ ತೋರಿಸುತ್ತಾನೆ.

ಭಾಷೆಯ ಮಾತು ಉಳಿದಿದೆ, ಹೊರನಾಡ ಕನ್ನಡಿಗರಿಗೆ ಇದು ನೇರವಾಗಿ ತಾಗುವ ಮಾತು. ಮಕ್ಕಳಿರುವ ಊರಿಗೆ ಹತ್ತಿರವಾಗಲೆಂದು ತಂದೆತಾಯಿ ಪುಣೆಯ, ಚೆನ್ನೈನ, ಹೈದರಾಬಾದಿನ ಹೊರವಲಯದ ವಸತಿಗಳಿಗೆ ಸೇರುತ್ತಾರೆ. ಧಾರವಾಡದಲ್ಲೋ ಶಿವಮೊಗ್ಗದಲ್ಲೋ ಜೀವಮಾನವಿಡೀ ಮನೆಯ ದಿನಸಿ ಲೆಕ್ಕವನ್ನು ಕನ್ನಡದಲ್ಲಿ ಬರೆದಿಟ್ಟ ತಾಯಿಯ ಕೈಗೆ ಇಂಗ್ಲಿಷಿನ ಬಿಲ್ ಬರುತ್ತದೆ. ಅದರಲ್ಲಿ ಕಾರ್ಪಸ್, ಸಿಂಕಿಂಗ್ ಫಂಡ್, ಕನ್ಸ್ಯೂಮಬಲ್ಸ್, ಮಿಸಲೇನಿಯಸ್. ಆಕೆಗೆ ಗಣಿತ ಬರುತ್ತದೆ, ಆ ಪದಗಳು ಬರುವುದಿಲ್ಲ. ಅರ್ಥವಾಗದ ಭಾಷೆಯಲ್ಲಿ ಕೊಟ್ಟ ಲೆಕ್ಕ ಬೀಗ ಹಾಕಿದ ಪೆಟ್ಟಿಗೆಯನ್ನು ಕೈಗಿತ್ತಂತೆ. ಅಮೆರಿಕದ ನಿಯಮ ಇಲ್ಲಿಯೂ ಒಂದು ಹೆಜ್ಜೆ ಮುಂದಿದೆ: ಮಾಹಿತಿ ನಿವಾಸಿಗೆ ಅರ್ಥವಾಗುವ ರೂಪ ಮತ್ತು ಭಾಷೆಯಲ್ಲಿರಬೇಕೆನ್ನುತ್ತದೆ. ಎಲ್ಲ ಆಶ್ರಮಗಳೂ ಹತ್ತು ಭಾಷೆಯಲ್ಲಿ ಲೆಡ್ಜರ್ ಇಡಬೇಕಿಲ್ಲ. ಬಿಲ್ಲಿನ ಬಾಬತ್ತುಗಳು ಮೂವತ್ತನ್ನು ಮೀರುವುದು ಅಪರೂಪ. ಮೂವತ್ತು ಪದಗಳ ಒಂದು ಪಟ್ಟಿಯನ್ನು ಒಮ್ಮೆ ಕನ್ನಡಕ್ಕೆ, ಮರಾಠಿಗೆ, ತಮಿಳಿಗೆ ತಂದಿಟ್ಟುಕೊಂಡರೆ ಅಂಕಿಗಳು ತಾವೇ ಮಾತಾಡುತ್ತವೆ. "ಮಿಸಲೇನಿಯಸ್" ಎಂಬುದನ್ನು ಮಾತ್ರ ಯಾವ ಭಾಷೆಗೂ ತರಬೇಕಿಲ್ಲ, ಅದನ್ನು ಬಿಲ್ಲಿನಿಂದಲೇ ತೆಗೆಯಬೇಕು.

ಕಾನೂನು ಬರುವವರೆಗೆ ಕೈಕಟ್ಟಿ ಕೂರುವ ಅಗತ್ಯವೂ ಇಲ್ಲ. ಆಶ್ರಮಕ್ಕೆ ಸೇರುವ ದಿನ ಸಹಿ ಹಾಕುವ ಕರಾರುಪತ್ರದಲ್ಲಿ ಐದು ಸಾಲು ಸೇರಿಸಿ ಎಂದು ಯಾವ ಮಗಳೂ ಯಾವ ಮಗನೂ ಕೇಳಬಹುದು. ನಿವಾಸಿ ಬಾಯಿಮಾತಿನಲ್ಲಿ ಕೇಳಿದರೂ 24 ಗಂಟೆಯೊಳಗೆ ಲೆಕ್ಕ ತೋರಿಸುವುದು, ಎರಡು ಕೆಲಸದ ದಿನಗಳಲ್ಲಿ ಪ್ರತಿ ಕೊಡುವುದು. ಮೂರು ತಿಂಗಳಿಗೊಮ್ಮೆ ಕೇಳದಿದ್ದರೂ ಬಾಬತ್ತುವಾರು ಪಟ್ಟಿಯನ್ನು ನಿವಾಸಿಯ ಕೈಗೇ, ಅವರ ಭಾಷೆಯಲ್ಲಿ ಕೊಡುವುದು. ಠೇವಣಿ ಮತ್ತು ಕೈಖರ್ಚಿನ ಹಣವನ್ನು ಸಂಸ್ಥೆಯ ಹಣದಿಂದ ಬೇರೆ ಇಡುವುದು. ನಿವಾಸಿ ತೀರಿಕೊಂಡರೆ ಅಥವಾ ಹೊರಟರೆ 30 ದಿನಗಳಲ್ಲಿ ಅಂತಿಮ ಲೆಕ್ಕ ಮತ್ತು ಬಾಕಿ ಹಣ ಒಪ್ಪಿಸುವುದು. ಲೆಕ್ಕ ಕೇಳಿದ್ದಕ್ಕೆ ಕೋಣೆ ಬದಲಿಸುವುದಾಗಲಿ, ಆರೈಕೆ ಕಡಿಮೆ ಮಾಡುವುದಾಗಲಿ, ಹೊರಡಿ ಎನ್ನುವುದಾಗಲಿ ಮಾಡದಿರುವುದು.

ಐದನೆಯದೇ ಎಲ್ಲಕ್ಕಿಂತ ಮುಖ್ಯ. ನಿವಾಸಿಗಳು ಸುಮ್ಮನಿರುವುದು ಲೆಕ್ಕ ಬೇಡವೆಂದಲ್ಲ. ರಾತ್ರಿ ಎರಡು ಗಂಟೆಗೆ ಬೆಲ್ ಒತ್ತಿದರೆ ಬರಬೇಕಾದವರನ್ನು ಹಗಲಿನಲ್ಲಿ ಎದುರು ಹಾಕಿಕೊಳ್ಳಲಾರದ ಭಯ ಅದು. ಆ ಭಯವನ್ನು ಒಬ್ಬೊಬ್ಬರ ಧೈರ್ಯದಿಂದ ಕಳೆಯಲಾಗದು. ಎಲ್ಲರಿಗೂ ಕೇಳದೆಯೇ ಲೆಕ್ಕ ಬಂದಾಗ ಮಾತ್ರ ಕೇಳಿದವರು ಯಾರು ಎಂಬ ಪ್ರಶ್ನೆಯೇ ಏಳುವುದಿಲ್ಲ. ಇದಕ್ಕಾಗಿಯೇ ಕರಾರಿನ ಐದು ಸಾಲು ಆರಂಭವಷ್ಟೇ, ಕೊನೆಗೆ ಬೇಕಾದದ್ದು ಕಾನೂನು. ಹೊಸ ಮಸೂದೆ ಬಂದಾಗ ನೋಂದಣಿಯ ಜೊತೆ ಲೆಕ್ಕದ ಹಕ್ಕನ್ನೂ ಗಂಟೆಗಳಲ್ಲಿ ಬರೆಯಬೇಕು. ಅಲ್ಲಿಯವರೆಗೆ ಕರ್ನಾಟಕ, ಮಹಾರಾಷ್ಟ್ರ, ತಮಿಳುನಾಡು, ತೆಲಂಗಾಣ, ದೆಹಲಿ ಸರ್ಕಾರಗಳು ತಾವು ಅನುದಾನ ಕೊಡುವ ಆಶ್ರಮಗಳಿಗಾದರೂ ಇದನ್ನು ಷರತ್ತಾಗಿ ಹಾಕಬಹುದು. ಅದಕ್ಕೆ ಸಂಸತ್ತಿನ ಒಪ್ಪಿಗೆ ಬೇಕಿಲ್ಲ, ಒಂದು ಆದೇಶ ಸಾಕು.

ಜೀವಮಾನವಿಡೀ ಒಂದೊಂದು ರೂಪಾಯಿ ಎಣಿಸಿ ಮನೆ ನಡೆಸಿದವರನ್ನು ಕೊನೆಯ ಹತ್ತು ವರ್ಷ ಎಣಿಕೆಯಿಂದ ಹೊರಗಿಡುವುದಕ್ಕೆ ಆರೈಕೆ ಎಂಬ ಹೆಸರು ಸಲ್ಲದು. ಲೆಕ್ಕ ತೋರಿಸಿದವರು ಮಾತ್ರ ನಂಬಿಕೆಯನ್ನು ಕೇಳಬಹುದು.